ಗಂಗಾಮೂಲದಿಂದ ಕೇಡಗಾಂವಿಗೆ

ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೊರಟ ಬಸ್ಸು ಮಾಳದ ಆಸುಪಾಸನ್ನು ದಾಟಿದ ಮೇಲೆ ಘಟ್ಟ ಏರತೊಡಗುತ್ತದೆ. ಅಡಿಕೆ ತೋಟಗಳು ಕೆಳಗೆ ಉಳಿಯುತ್ತವೆ, ಕಾಡು ರಸ್ತೆಯ ಎರಡೂ ಬದಿಯಿಂದ ಮೇಲೆ ಬಾಗುತ್ತದೆ. ಮಳೆಗಾಲದಲ್ಲಾದರೆ ತಿರುವಿಗೊಂದು ತೊರೆ. ಈ ಬೆಟ್ಟಗಳ ನಡುವೆಯೇ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ತಾಣವೆಂದು ಜನ ಕೈಮುಗಿಯುವ ಕಾಡು. ಇಂದು ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸರಹದ್ದಿನಲ್ಲಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ.

ನದಿಗಳ ಹುಟ್ಟಿಗಾಗಿ ಈ ಜಾಗದ ಹೆಸರು ಎಲ್ಲರಿಗೂ ಗೊತ್ತು. ಇದೇ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತೆಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದ ಆ ಮಗು ನಡೆದ ದಾರಿ ಕಲ್ಕತ್ತೆಗೆ, ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗಿ, ಕೊನೆಗೆ ಪುಣೆಯ ಹತ್ತಿರದ ಕೇಡಗಾಂವ್ ಎಂಬ ಬರಡು ಬಯಲಿನಲ್ಲಿ ನಿಂತಿತು. ನದಿಯೊಂದನ್ನು ಮೂಲದಿಂದ ಹಿಡಿದು ನೋಡುತ್ತ ಹೋಗುವಂತೆ ಈ ದಾರಿಯನ್ನೂ ಮೂಲದಿಂದಲೇ ನೋಡಬೇಕು.

ಕಾಡಿನೊಳಗಿನ ಪಾಠಶಾಲೆ

ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಪರಶುರಾಮ ದೇವಾಲಯಕ್ಕೆ ಹೆಸರಾದ ಆ ಊರಿನಲ್ಲಿ ಚಿತ್ಪಾವನ ಮನೆತನಗಳು ಇಂದಿಗೂ ಇವೆ. ಶಾಸ್ತ್ರಿಗಳು ಹರೆಯದಲ್ಲಿ ಪುಣೆಗೆ ಹೋಗಿ ಸಂಸ್ಕೃತ ಕಲಿತರು. ಅವರ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಣ್ಣಿನ ಬಾಯಲ್ಲಿ ಶುದ್ಧ ಶ್ಲೋಕ ಕೇಳಿದ ತರುಣ ಬೆರಗಾದ. ತಾನೂ ತನ್ನ ಮನೆಯವಳಿಗೆ ಕಲಿಸಬೇಕೆಂದು ಅಂದೇ ನಿಶ್ಚಯಿಸಿದ.

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಎರಡನೆಯ ಪತ್ನಿ ಲಕ್ಷ್ಮೀಬಾಯಿಗೆ ಮದುವೆಯಾದಾಗ ಒಂಬತ್ತು ವರ್ಷ, ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಆಕೆಗೆ ಅಕ್ಷರ ಕಲಿಸತೊಡಗಿದಾಗ ನೆಂಟರು, ನೆರೆಹೊರೆಯವರು ಸಿಡಿಮಿಡಿಗೊಂಡರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಿಗಳು ತಮ್ಮ ನಡೆಗೆ ಉತ್ತರ ಹೇಳಬೇಕಾಯಿತು. ಹೆಂಗಸರು ಸಂಸ್ಕೃತ ಓದಬಾರದೆಂಬುದಕ್ಕೆ ಆಧಾರವಿಲ್ಲವೆಂದು ಗ್ರಂಥಗಳಿಂದಲೇ ಪ್ರಮಾಣಗಳನ್ನು ಹೆಕ್ಕಿ ತೋರಿಸಿದರು. ಸಭೆ ಒಪ್ಪಿತು, ಊರು ಒಪ್ಪಲಿಲ್ಲ. ಶಾಸ್ತ್ರಿಗಳು ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ವಿದ್ಯಾರ್ಥಿಗಳು ಅಲ್ಲಿಗೇ ಬಂದರು. ರಾತ್ರಿ ಹುಲಿಯ ಕೂಗು, ಹಗಲು ಶ್ಲೋಕಪಾಠ.

ರಮಾಬಾಯಿ ಹುಟ್ಟಿದ್ದು ಅಲ್ಲಿ. ಆದರೆ ಆಶ್ರಮಕ್ಕೆ ಬಂದ ಅತಿಥಿಗಳಿಗೆ, ಯಾತ್ರಿಕರಿಗೆ ಅನ್ನವಿಕ್ಕಿ ಇಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತ್ತು. ಮಗುವಿಗೆ ಆರು ತಿಂಗಳಾದಾಗ ಸಂಸಾರ ಘಟ್ಟ ಇಳಿಯಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ತಮ್ಮನ್ನು ಕೆಳಗೆ ತಂದರೆಂದೂ, ಯಾತ್ರಿಕಳ ಬದುಕು ಅಂದೇ ಶುರುವಾಯಿತೆಂದೂ ರಮಾಬಾಯಿ ಮುಂದೆ ನೆನೆದಿದ್ದಾರೆ.

ಅಲ್ಲಿಂದ ಮುಂದೆ ಈ ಕುಟುಂಬಕ್ಕೆ ಊರು ಎಂಬುದಿರಲಿಲ್ಲ. ತೀರ್ಥದಿಂದ ತೀರ್ಥಕ್ಕೆ ಕಾಲ್ನಡಿಗೆ. ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಪುರಾಣ ಓದುವುದು, ಕೇಳುವವರು ಇಟ್ಟ ಅಕ್ಕಿ, ಹಣ್ಣು, ಕಾಸಿನಲ್ಲಿ ದಿನ ದೂಡುವುದು. ತಾಯಿಯೇ ಮಗಳ ಗುರು. ನಸುಕಿಗೆ ಎದ್ದು, ಮನೆಗೆಲಸ ಹಚ್ಚಿಕೊಳ್ಳುವ ಮುನ್ನ ಮಗಳನ್ನು ಕೂರಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಹೀಗೆ ಭಾಗವತದ 18,000 ಶ್ಲೋಕಗಳು ಹುಡುಗಿಗೆ ಕಂಠಪಾಠವಾದವು. ಮನೆಮಾತು ಮರಾಠಿ. ಸುತ್ತಾಟದಲ್ಲಿ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳೂ ನಾಲಗೆಗೆ ಹತ್ತಿದವು.

ರಾಯಚೂರಿನ ರೊಟ್ಟಿಯ ಚೂರು

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಗುಂತಕಲ್ ದಾಟಿ ರಾಯಚೂರಿಗೆ ಬರುತ್ತದೆ. ಪ್ರಯಾಣಿಕರು ಕಿಟಕಿಯಿಂದ ಇಣುಕಿ ಚಹಾ ಕೊಳ್ಳುವ ಈ ಊರಿಗೆ ರಮಾಬಾಯಿಯ ಕಥೆಯಲ್ಲೊಂದು ಕಹಿಯಾದ ಜಾಗವಿದೆ. 1870ರ ದಶಕದ ಬರಗಾಲ ದಕ್ಷಿಣವನ್ನೆಲ್ಲ ಸುಟ್ಟಿತು. ಕೇಳುವವರ ಮನೆಯಲ್ಲೇ ಕಾಳಿಲ್ಲದಾಗ ಪುರಾಣ ಹೇಳುವವರಿಗೆ ಯಾರು ಕೊಡಬೇಕು? ಒಡವೆ ಹೋಯಿತು, ಪಾತ್ರೆ ಹೋಯಿತು, ಉಳಿದಿದ್ದ ಕಾಸೂ ಹೋಯಿತು. ಎಲೆ, ಕಾಡುಹಣ್ಣು ತಿಂದು ದಿನ ಕಳೆದರು. ಕೂಲಿ ಮಾಡಲು ಮೇಲ್ಜಾತಿಯ ಬಿಗುಮಾನ ಬಿಡಲಿಲ್ಲ, ಬೇಡಲು ನಾಲಗೆ ಏಳಲಿಲ್ಲ.

ಮೊದಲು ತಂದೆ ತೀರಿಕೊಂಡರು. ಸಾಯುವ ಮುನ್ನ ಕಿರಿಯ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು, ಬದುಕಿರುವ ತನಕ ಅವನೊಬ್ಬನ ಸೇವೆ ಮಾಡು ಎಂಬರ್ಥದ ಮಾತು ಹೇಳಿದರು. ಆಮೇಲೆ ರಾಯಚೂರಿನಲ್ಲಿ ತಾಯಿ ಜ್ವರ ಬಂದು ಮಲಗಿದರು. ನೆರೆಮನೆಯ ಬಾಗಿಲಲ್ಲಿ ನಿಂತ ಮಗಳಿಗೆ ಬಾಯಿಂದ ಮಾತು ಹೊರಡಲಿಲ್ಲ. ಮನೆಯಾಕೆಯೇ ಅರ್ಥ ಮಾಡಿಕೊಂಡು ಸಜ್ಜೆ ರೊಟ್ಟಿಯ ಒಂದು ಚೂರು ಕೊಟ್ಟಳು. ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರಲಿಲ್ಲ. ತಾಯಿಯ ಹಿಂದೆಯೇ ಅಕ್ಕನೂ ಹೋದಳು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದರು.

ಈ ನಡಿಗೆಯಲ್ಲಿ ಅವರ ನಂಬಿಕೆ ಸವೆಯಿತು. ಹೇಳಿದ ವ್ರತವನ್ನೆಲ್ಲ ಮಾಡಿದ್ದರು, ಹೇಳಿದ ದಾನವನ್ನೆಲ್ಲ ಕೊಟ್ಟಿದ್ದರು, ಆದರೂ ಮನೆಯವರು ಹಸಿದು ಸತ್ತರು. ಹುಡುಗಿಯ ಮನಸ್ಸಿನಲ್ಲಿ ಕುಳಿತ ಪ್ರಶ್ನೆ ಸರಳವಾದದ್ದು. ತಂದೆ ಒಪ್ಪಿಸಿಹೋದ ಆ ದೇವರಿಗೆ ತಾನು ಯಾರು?

ಬಿರುದು ಬಂತು, ಉತ್ತರ ಬರಲಿಲ್ಲ

1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ದಂಗಾದರು. ಪರೀಕ್ಷಿಸಿ ನೋಡಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು. ಮೊನ್ನೆಯವರೆಗೆ ಹಿಡಿ ಅನ್ನಕ್ಕೆ ಪರದಾಡಿದವಳ ಮಾತು ಕೇಳಲು ಸಭೆಗಳು ತುಂಬಿದವು. ಮಕ್ಕಳ ಅಂಕಪಟ್ಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಯಾವ ತಂದೆತಾಯಿಗೂ ಇದಕ್ಕಿಂತ ದೊಡ್ಡ ಫಲಿತಾಂಶ ಬೇಕಿರಲಾರದು.

ವಿಚಿತ್ರವೆಂದರೆ, ಬಿರುದು ಬಂದ ಊರಿನಲ್ಲೇ ಅವರ ನೋವು ಹೆಚ್ಚಿತು. ಹೆಂಗಸರ ಧರ್ಮವೇನೆಂದು ಹೆಂಗಸರಿಗೆ ಉಪನ್ಯಾಸ ಕೊಡಬೇಕೆಂದು ಕೆಲವರು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ತೆರೆದರು. ಬೇರೆ ಬೇರೆ ವಿಷಯದಲ್ಲಿ ಒಂದಕ್ಕೊಂದು ಹೊಂದದ ಆ ಗ್ರಂಥಗಳು ಹೆಣ್ಣು ಕೀಳೆಂಬ ಒಂದು ಮಾತಿನಲ್ಲಿ ಮಾತ್ರ ಒಂದಾಗಿವೆಯೆಂದು ಅವರಿಗೆ ಕಂಡಿತು. ಹೆಣ್ಣಿಗೆ ತನ್ನಷ್ಟಕ್ಕೆ ಮೋಕ್ಷದ ದಾರಿಯಿಲ್ಲ, ಗಂಡನ ಸೇವೆಯೊಂದೇ ಗತಿ ಎಂಬುದು ಅವರ ಓದಿಗೆ ಸಿಕ್ಕ ತಿರುಳು. ಇದನ್ನು ಒಪ್ಪದ ವಿದ್ವಾಂಸರು ಅಂದೂ ಇದ್ದರು, ಇಂದೂ ಇದ್ದಾರೆ. ಬ್ರಹ್ಮಸಮಾಜದ ಕೇಶವಚಂದ್ರ ಸೇನರಂತೂ ವೇದದ ಪ್ರತಿಯೊಂದನ್ನು ಅವರ ಕೈಯಲ್ಲಿಟ್ಟು ಓದಲು ಹೇಳಿದರು. ಆದರೆ ಅಷ್ಟೊಂದು ಶ್ಲೋಕಗಳನ್ನು ಎದೆಯಲ್ಲಿ ಹೊತ್ತ ಹೆಣ್ಣಿಗೆ ಆ ಶ್ಲೋಕಗಳ ಮನೆಯಲ್ಲಿ ತನಗೊಂದು ಮಣೆ ಇಲ್ಲವೆನಿಸಿದ್ದು ಸುಳ್ಳಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಜಾತಿ ಬೇರೆ, ಪ್ರಾಂತ ಬೇರೆ. ಅಸ್ಸಾಮಿನ ಸಿಲ್ಚರಿನಲ್ಲಿ ಸಂಸಾರ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಕೈಗೆ ಸಿಕ್ಕಿದ್ದು ಅಲ್ಲೇ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಬಿಪಿನ್ ಕಾಲರಾಕ್ಕೆ ಬಲಿಯಾದರು. ಇಪ್ಪತ್ನಾಲ್ಕು ತುಂಬುವ ಮುನ್ನವೇ ರಮಾಬಾಯಿ ಕಂಕುಳಲ್ಲಿ ಕೂಸಿರುವ ವಿಧವೆ.

ಫುಲಮ್‌ನಲ್ಲಿ ಕೇಳಿದ ಕಥೆ

ಪುಣೆಗೆ ಬಂದ ರಮಾಬಾಯಿ 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ಹೆಣ್ಣು ವೈದ್ಯರು ಬೇಕು ಎಂದರು. ತಾವೂ ವೈದ್ಯಕೀಯ ಓದಬೇಕೆಂಬ ಹಂಬಲದಿಂದ, ‘ಸ್ತ್ರೀಧರ್ಮನೀತಿ’ ಎಂಬ ತಮ್ಮ ಮರಾಠಿ ಪುಸ್ತಕದಿಂದ ಬಂದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯದ ಆಸೆ ಕೈಗೂಡಲಿಲ್ಲ.

ಉಳಿದುಕೊಂಡದ್ದು ಆಕ್ಸ್‌ಫರ್ಡಿನಿಂದ ದೂರವಲ್ಲದ ವಾಂಟೇಜ್ ಎಂಬ ಸಣ್ಣ ಪೇಟೆಯಲ್ಲಿ, ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ. ಈ ಸೋದರಿಯರು ಲಂಡನ್ನಿನ ಫುಲಮ್‌ನಲ್ಲಿ ಒಂದು ಆಶ್ರಯ ಮನೆ ನಡೆಸುತ್ತಿದ್ದರು. ಬೀದಿಗೆ ಬಿದ್ದ ಹೆಂಗಸರು, ಸಮಾಜ ಹೆಸರೆತ್ತಲೂ ನಾಚುವಂಥವರು ಅಲ್ಲಿದ್ದರು. ಅವರನ್ನು ಸೋದರಿಯರು ಮನೆಮಕ್ಕಳಂತೆ ನೋಡಿಕೊಳ್ಳುವುದನ್ನು ರಮಾಬಾಯಿ ಕಂಡರು. ಇಂಥವರನ್ನು ಇಷ್ಟು ಪ್ರೀತಿಯಿಂದ ಕಾಣಲು ಕಾರಣವೇನು ಎಂಬ ಪ್ರಶ್ನೆ ಎದ್ದಿತು. ಆಗ ಸೋದರಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆಗೆದು ಓದಿದರು.

ಅದು ಬಾವಿಕಟ್ಟೆಯ ಕಥೆ. ನಡುಮಧ್ಯಾಹ್ನ ಸಮಾರ್ಯದ ಹೆಂಗಸೊಬ್ಬಳು ಒಬ್ಬಳೇ ನೀರಿಗೆ ಬರುತ್ತಾಳೆ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅವಳು ಐದು ಗಂಡಂದಿರನ್ನು ಕಂಡವಳು, ಈಗ ಜೊತೆಗಿರುವವನು ಗಂಡನಲ್ಲ. ದಣಿದು ಕುಳಿತ ಯೇಸು ಅವಳನ್ನು ಕುಡಿಯಲು ನೀರು ಕೇಳುತ್ತಾನೆ. ಅವಳ ಬದುಕಿನದೆಲ್ಲ ತನಗೆ ಗೊತ್ತೆಂದು ತೋರಿಸುತ್ತಾನೆ. ಆದರೂ ಹೀಗಳೆಯುವುದಿಲ್ಲ. ದೇವರ ಆರಾಧನೆ ಎಂದರೇನು ಎಂಬ ದೊಡ್ಡ ಮಾತನ್ನು ಶಾಸ್ತ್ರಿಯ ಜೊತೆ ಆಡುವಂತೆ ಅವಳ ಜೊತೆ ಆಡುತ್ತಾನೆ. ಹೆಂಗಸಿನೊಡನೆ ಮಾತಾಡುತ್ತಿದ್ದಾನಲ್ಲ ಎಂದು ಶಿಷ್ಯರಿಗೇ ಅಚ್ಚರಿ. ಕೊಡವನ್ನು ಅಲ್ಲೇ ಬಿಟ್ಟು ಅವಳು ಊರೊಳಗೆ ಓಡುತ್ತಾಳೆ.

ಯಾರ ಕೈಯಿಂದ ನೀರು ಮುಟ್ಟಬಹುದು, ಯಾರ ಕೈಯಿಂದ ಮುಟ್ಟಬಾರದು ಎಂಬ ಲೆಕ್ಕದಲ್ಲೇ ಬೆಳೆದ ರಮಾಬಾಯಿಗೆ ಈ ಕಥೆಯ ತೂಕ ಸೋದರಿಯರಿಗಿಂತ ಹೆಚ್ಚಾಗಿಯೇ ತಿಳಿದಿರಬೇಕು. ಈ ಒಬ್ಬಾತನ ಮುಂದೆ ಹೆಣ್ಣು ಹೆಣ್ಣೆಂಬ ಕಾರಣಕ್ಕೆ ಕೀಳಲ್ಲ, ಬಿದ್ದವಳು ಬಿದ್ದಳೆಂಬ ಕಾರಣಕ್ಕೆ ಕಸವಲ್ಲ. 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಅವರೂ ಮಗಳೂ ದೀಕ್ಷಾಸ್ನಾನ ಪಡೆದರು.

ಹಾಗೆಂದು ಅವರು ತಲೆ ತಗ್ಗಿಸಿ ನಿಂತ ಶಿಷ್ಯೆಯಾಗಲಿಲ್ಲ. ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇ ಏಕೆ, ಸಂಸ್ಕೃತವೇಕೆ ಆಗದು ಎಂದು ಕೇಳಿದರು. ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ, ಅವರು ಗಂಡಸರಿಗೆ ಪಾಠ ಹೇಳುವುದು ತರವಲ್ಲವೆಂದು ಬಿಷಪ್ಪರು ಆಕ್ಷೇಪಿಸಿದರು. ರಮಾಬಾಯಿ ಅದನ್ನೂ ಸುಮ್ಮನೆ ಒಪ್ಪಲಿಲ್ಲ. ತನ್ನ ಅಂತಃಸಾಕ್ಷಿಗೆ ದೇವರು ನೇರ ಸಿಗುತ್ತಾನೆಂದ ಮೇಲೆ ನಡುವೆ ಪಂಡಿತರಾದರೇನು, ಬಿಷಪ್ಪರಾದರೇನು ಎಂಬುದು ಅವರ ನಿಲುವು.

ಶಾರದಾ ಸದನದ ಬಾಗಿಲು

1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ವೈದ್ಯಪದವಿ ಪಡೆಯುವುದನ್ನು ನೋಡಲು ಹೋದ ರಮಾಬಾಯಿ ಅಲ್ಲಿಯೇ ಎರಡು ವರ್ಷಕ್ಕೂ ಹೆಚ್ಚು ಉಳಿದರು. ಮೇಲ್ಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯ ಬಗ್ಗೆ 1887ರಲ್ಲಿ ಇಂಗ್ಲಿಷ್ ಪುಸ್ತಕ ಬರೆದು ಊರೂರು ಸುತ್ತಿ ಮಾತಾಡಿದರು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಹುಟ್ಟಿ, ಹತ್ತು ವರ್ಷ ಹಣ ಕೊಡುವುದಾಗಿ ಮಾತು ಕೊಟ್ಟಿತು. 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಬಾಲವಿಧವೆಯರಿಗಾಗಿ ‘ಶಾರದಾ ಸದನ’ ತೆರೆಯಿತು. ಮೊದಲ ವಿದ್ಯಾರ್ಥಿನಿಯರಲ್ಲಿದ್ದ ಗೋದೂಬಾಯಿ ಎಂಬ ವಿಧವೆ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿ ಕರ್ವೆ ಎಂದು ಹೆಸರಾದರು.

1890ರಲ್ಲಿ ಸದನ ಪುಣೆಗೆ ಬಂತು. ಅಲ್ಲಿ ಮತಬೋಧನೆ ಇರಲಿಲ್ಲ. ಹಿಂದೂ ಹುಡುಗಿಯರು ತಮ್ಮ ಆಚಾರ, ತಮ್ಮ ಅಡಿಗೆಯ ಮಡಿ ಪಾಲಿಸಬಹುದಿತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆಗೆ ಕೂರುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಊರಲ್ಲಿ ಗುಲ್ಲೆದ್ದಿತು. ತಿಲಕರ ‘ಕೇಸರಿ’ ಕಟುವಾಗಿ ಟೀಕಿಸಿತು. 1893ರಲ್ಲಿ ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರರಂಥ ಹಿತೈಷಿಗಳೂ ಹೊರಬಂದರು. ಹಲವು ಪೋಷಕರು ಮಕ್ಕಳನ್ನು ಕರೆದೊಯ್ದರು. ಮಗಳನ್ನು ಓದಿಗೆ ಕಳಿಸಿದ ತಂದೆತಾಯಿಗೆ ಅವಳು ಮತವನ್ನೇ ಬದಲಾಯಿಸಿಯಾಳೆಂಬ ದಿಗಿಲು ಸಹಜವಾದದ್ದು. ಅದೇ ಹೊತ್ತಿಗೆ, ತಾನು ನಂಬಿದ್ದನ್ನು ತನ್ನದೇ ಕೋಣೆಯಲ್ಲಿ ಬಾಗಿಲು ಹಾಕಿ ಬಚ್ಚಿಡಬೇಕೇ ಎಂಬ ರಮಾಬಾಯಿಯ ಪ್ರಶ್ನೆಯೂ ಸುಲಭದ್ದಲ್ಲ.

ಈ ಗದ್ದಲಕ್ಕೆ ಮುನ್ನವೇ ಅವರೊಳಗೆ ಇನ್ನೊಂದು ಸದ್ದಿಲ್ಲದ ಬದಲಾವಣೆ ನಡೆದಿತ್ತು. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ, 1891ರ ಸುಮಾರಿಗೆ, ಒಳಗೆ ನೋಡಿಕೊಂಡಾಗ ತಮಗೆ ಕ್ರೈಸ್ತ ಮತ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ ಎಂದು ಅವರಿಗೆ ಅನ್ನಿಸಿತು. ತೀರ್ಥ, ವ್ರತಗಳ ಜಾಗಕ್ಕೆ ಬೇರೆ ನೇಮಗಳು ಬಂದಿದ್ದವು, ಅಷ್ಟೆ. ಯೋಗ್ಯಳಾಗಬೇಕು, ಆಮೇಲೆ ದೇವರು ಒಪ್ಪುತ್ತಾನೆ ಎಂಬ ಹಳೆಯ ಲೆಕ್ಕವೇ ಒಳಗೆ ಮುಂದುವರಿದಿತ್ತು. ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯೊಬ್ಬರ ಆತ್ಮಕಥೆ ಓದುತ್ತ, ಮತ್ತೆ ಬೈಬಲ್ಲಿಗೆ ಹಿಂತಿರುಗುತ್ತ, ಲೆಕ್ಕ ತಿರುಗುಮುರುಗಾಗಿದೆಯೆಂದು ಅವರಿಗೆ ಹೊಳೆಯಿತು. ದೇವರು ಒಪ್ಪಿಕೊಳ್ಳುವುದು ಮೊದಲು, ಮನುಷ್ಯ ಎದ್ದು ನಿಲ್ಲುವುದು ಆಮೇಲೆ. ಕೂಸು ಪರೀಕ್ಷೆ ಪಾಸಾದ ಮೇಲೆ ತಾಯಿ ಎತ್ತಿಕೊಳ್ಳುವುದಿಲ್ಲವಲ್ಲ. ಆ ಅನುಭವದ ಆನಂದವನ್ನು 1907ರಲ್ಲಿ ಪ್ರಕಟಿಸಿದ ಸಣ್ಣ ಆತ್ಮಕಥನದಲ್ಲಿ ಅವರು ಹೇಳಿಕೊಂಡಿದ್ದಾರೆ. ನೀನು ಅವನವಳು ಎಂದು ಸಾಯುವ ತಂದೆ ಹೇಳಿದ್ದ ಮಾತಿಗೆ ಅರ್ಥ ತೆರೆದುಕೊಂಡದ್ದು ಆಗಲೇ ಇರಬೇಕು. ಹಾಗೆ ಹೇಳಿದ ತಂದೆ ಕೊನೆಯವರೆಗೂ ನಿಷ್ಠಾವಂತ ಹಿಂದೂ ಎಂಬುದನ್ನೂ ಮರೆಯುವಂತಿಲ್ಲ.

ಕೇಡಗಾಂವಿನ ಬಯಲು

ಸೊಲ್ಲಾಪುರ, ದೌಂಡ್ ದಾಟಿದ ರೈಲು ಪುಣೆ ಮುಟ್ಟುವ ಮುನ್ನ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ಹಿಂದೆ ಹಾಕುತ್ತದೆ. ದೂರದ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಬಂದವರು ಪುಣೆ ಅಥವಾ ದೌಂಡಿನಲ್ಲಿ ಇಳಿದು, ಆ ನಡುವೆ ಓಡುವ ಪ್ಯಾಸೆಂಜರ್ ಗಾಡಿ ಹಿಡಿಯುವುದು ಸುಲಭ. ರಸ್ತೆಯಲ್ಲಾದರೆ ಪುಣೆ-ಸೊಲ್ಲಾಪುರ ಹೆದ್ದಾರಿಯ ಚೌಫುಲಾದಲ್ಲಿ ತಿರುಗಬೇಕು. ಪುಣೆಯಿಂದ ಐವತ್ತೈದು-ಅರವತ್ತು ಕಿಲೋಮೀಟರ್. ಇಂದು ಸುತ್ತ ಕಬ್ಬಿನ ಗದ್ದೆಗಳಿವೆ. ರಮಾಬಾಯಿ ನೂರು ಎಕರೆ ಕೊಂಡಾಗ ಅದು ಮಳೆ ಕಾಣದ ಬಯಲು. ಬಾವಿ ತೋಡಿಸಿ, ಹಣ್ಣಿನ ಗಿಡ ನೆಟ್ಟು, ಅಮೆರಿಕದ ಹಣ ನಿಂತ ಮೇಲೆ ಸದನದ ಖರ್ಚು ತೋಟದಿಂದ ನಡೆಯಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಂತು. ಹಸಿದ ಹೆಣ್ಣುಮಕ್ಕಳ ಸುದ್ದಿ ಕೇಳಿದ ರಮಾಬಾಯಿಗೆ ಇಪ್ಪತ್ತು ವರ್ಷ ಹಿಂದಿನ ತಮ್ಮ ಹಸಿವು ನೆನಪಾಯಿತು. ಬಾಸ್ಟನ್ನಿನ ಹಣ ಇದ್ದದ್ದು ಮೇಲ್ಜಾತಿಯ ಬಾಲವಿಧವೆಯರ ಓದಿಗೆ. ಇವರನ್ನು ಸಾಕಲು ಕೈಯಲ್ಲಿ ಏನೂ ಇರಲಿಲ್ಲ. ಆದರೂ ಹೊರಟರು. ಬರದ ಊರುಗಳನ್ನು ಸುತ್ತಿ ನೂರಾರು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಹರಡಿ, ಅಷ್ಟು ಜನರನ್ನು ಊರೊಳಗೆ ಇಡಲು ಸರ್ಕಾರ ಬಿಡದಿದ್ದಾಗ ಎಲ್ಲರನ್ನೂ ಕೇಡಗಾಂವಿನ ಬಯಲಿಗೆ ಸಾಗಿಸಿದರು. ಗುಡಿಸಲು, ಗುಡಾರಗಳಲ್ಲಿ ಶುರುವಾದ ಆ ನೆಲೆ 1898ರಲ್ಲಿ ‘ಮುಕ್ತಿ’ ಆಯಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ 2000ದ ಹತ್ತಿರ ಬಂತು.

ಬಂದವರು ಮಾದರಿ ವಿದ್ಯಾರ್ಥಿನಿಯರಲ್ಲ. ಹಸಿವು ಅವರಿಗೆ ಕದಿಯುವುದನ್ನು, ಕಚ್ಚಾಡುವುದನ್ನು, ಯಾರನ್ನೂ ನಂಬದಿರುವುದನ್ನು ಕಲಿಸಿತ್ತು. ಜಾತಿಯ ಸೋಸುವಿಕೆ ಇಲ್ಲಿರಲಿಲ್ಲ. ದಾರಿ ತಪ್ಪಿಸಲ್ಪಟ್ಟ ಹೆಂಗಸರಿಗಾಗಿ ‘ಕೃಪಾ ಸದನ’, ಮುದುಕಿಯರಿಗೂ ಕೈಲಾಗದವರಿಗೂ ‘ಪ್ರೀತಿ ಸದನ’, ಕುರುಡಿಯರಿಗಾಗಿ ‘ಬಾರ್ತಿಮಿ ಸದನ’. ಬಾರ್ತಿಮಾಯ ಎಂಬುದು ಬೈಬಲ್ಲಿನಲ್ಲಿ ದಾರಿಬದಿ ಕುಳಿತು ಕೂಗಿದ ಕುರುಡ ಭಿಕ್ಷುಕನ ಹೆಸರು. ಸುಮ್ಮನಿರೆಂದು ಜನ ಗದರಿದರೂ ಯೇಸು ನಿಂತು ಅವನನ್ನು ಕರೆಸಿಕೊಂಡ. ಫುಲಮ್‌ನಲ್ಲಿ ಕೇಳಿದ ಕಥೆಯೇ ಇಲ್ಲಿ ಕಟ್ಟಡಗಳಾಗಿ ಎದ್ದಿತ್ತು.

ದಿನಚರಿಯಲ್ಲಿ ಪ್ರಾರ್ಥನೆ ಎಷ್ಟಿತ್ತೋ ದುಡಿಮೆಯೂ ಅಷ್ಟಿತ್ತು. ಎಲ್ಲರಿಗೂ ಅಕ್ಷರ, ಜೊತೆಗೊಂದು ಕಸುಬು. ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನು, ಬೇಸಾಯ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. ಮನೋರಮಾ ಅಮೆರಿಕದಲ್ಲಿ ಬ್ರೈಲ್ ಕಲಿತು ಬಂದು ಕುರುಡು ಹುಡುಗಿಯರಿಗೆ ಕಲಿಸಿದರು. ಪುಸ್ತಕ ಒಲಿಯದವಳಿಗೆ ಮಗ್ಗ ಒಲಿಯಿತು, ಕಣ್ಣು ಕಾಣದವಳ ಬೆರಳು ಬುಟ್ಟಿ ಹೆಣೆಯಿತು. ಎಲ್ಲರನ್ನೂ ಒಂದೇ ಗಜಕೋಲಿನಲ್ಲಿ ಅಳೆಯದ ಶಾಲೆ ಅದು. ಯಾರಿಗೂ ಬೇಡದೆ ಬಂದವರಲ್ಲಿ ಹಲವರು ಶಿಕ್ಷಕಿಯರಾದರು, ದಾದಿಯರಾದರು, ಆಮೇಲೆ ಬಂದ ಬರದ ಮಕ್ಕಳಿಗೆ ತಾಯಂದಿರಾದರು.

ಕರ್ನಾಟಕದ ನಂಟೂ ಹರಿಯಲಿಲ್ಲ. 1912ರ ಸುಮಾರಿಗೆ ತಾಯಿ ಮಗಳು ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯೊಂದನ್ನು ತೆರೆದರು. ಮನೋರಮಾ ಅದರ ಹೊಣೆ ಹೊತ್ತರು. ಪುಣೆಗೆ ಹೋಗುವ ರೈಲು ರಾಯಚೂರಿನ ನಂತರ ಆ ಊರನ್ನೂ ಮುಟ್ಟಿಯೇ ಹೋಗುತ್ತದೆ.

ಕೊನೆಯ ಪ್ರೂಫು

ಬದುಕಿನ ಕೊನೆಯ ಹದಿನೈದು ವರ್ಷಗಳಿಗೂ ಮಿಕ್ಕಿ ರಮಾಬಾಯಿ ಒಂದೇ ಕೆಲಸಕ್ಕೆ ಕುಳಿತರು. ಇಡೀ ಬೈಬಲ್ಲನ್ನು ಮರಾಠಿಗೆ ತರುವುದು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಆಗಲೇ ಇದ್ದ ಅನುವಾದದ ಭಾಷೆ ಪಂಡಿತರಿಗೆ ಸರಿ, ತಮ್ಮ ಹಳ್ಳಿಯ ಹೆಂಗಸರ ಬಾಯಿಗೆ ಅದು ಹತ್ತದೆಂಬುದು ಅವರ ಚಿಂತೆ. ಸಂಸ್ಕೃತದ ಪಾಂಡಿತ್ಯಕ್ಕೆ ಬಿರುದು ಪಡೆದವರು ಮೂರನೆಯ ಇಯತ್ತೆ ಓದಿದ ಹೆಂಗಸಿಗೂ ತಿಳಿಯುವ ಮಾತನ್ನು ಹುಡುಕುತ್ತ ಕುಳಿತರು. ಅಚ್ಚುಮೊಳೆ ಜೋಡಿಸಿದವರೂ ಮುಕ್ತಿಯ ಹೆಣ್ಣುಮಕ್ಕಳೇ.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ತಾಯಿಗಿಂತ ಮೊದಲೇ ಮನೋರಮಾ ಕಣ್ಣುಮುಚ್ಚಿದರು. ಎಲ್ಲರನ್ನೂ ಕಳೆದುಕೊಂಡೇ ಬದುಕು ಶುರುಮಾಡಿದವರಿಗೆ ಕೊನೆಯಲ್ಲಿ ಉಳಿದಿದ್ದ ಒಬ್ಬ ಮಗಳೂ ಹೋದಳು. ರಮಾಬಾಯಿ ಮತ್ತೆ ಪ್ರೂಫಿನ ಹಾಳೆಗಳಿಗೆ ಹಿಂತಿರುಗಿದರು. ತಿದ್ದುವ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಕೇಡಗಾಂವಿನಲ್ಲೇ. ಪುಸ್ತಕ ಅಚ್ಚಾಗಿ ಹೊರಬಂದದ್ದು ಅವರು ಹೋದ ಮೇಲೆ.

ಸ್ವಾತಂತ್ರ್ಯಾನಂತರವೂ ಬಹುಕಾಲ ಸಮಾಜ ಸುಧಾರಕರ ಪಟ್ಟಿಯಲ್ಲಿ ಅವರ ಹೆಸರು ಅಂಚಿನಲ್ಲೇ ಇತ್ತು. ಮತ ಬಿಟ್ಟವಳೆಂದು ಒಂದು ಕಡೆಯವರು ದೂರವಿಟ್ಟರು, ಹೇಳಿದ ಮಾತು ಕೇಳದವಳೆಂದು ಇನ್ನೊಂದು ಕಡೆಯವರಿಗೂ ಇರಿಸುಮುರಿಸು. 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಶುಕ್ರಗ್ರಹದ ಮೇಲಿನ ಕುಳಿಯೊಂದಕ್ಕೂ ‘ಮೇಧಾವಿ’ ಎಂದು ಅವರ ಹೆಸರಿಟ್ಟಿದ್ದಾರೆ. ಗಂಗಾಮೂಲದ ಕಾಡಿನಿಂದ ಬೆತ್ತದ ಪೆಟ್ಟಿಗೆಯಲ್ಲಿ ಇಳಿದ ಕೂಸು ಅಷ್ಟು ದೂರ ಹೋಗಿದೆ.

ಮುಕ್ತಿ ಇಂದಿಗೂ ನಡೆಯುತ್ತಿದೆ. ಕಲ್ಲಿನ ದೊಡ್ಡ ಚರ್ಚು ನಿಂತಿದೆ. ದಿಕ್ಕಿಲ್ಲದ ಹೆಂಗಸರು, ತಬ್ಬಲಿ ಮಕ್ಕಳು, ಕಣ್ಣಿಲ್ಲದವರು ಈಗಲೂ ಅಲ್ಲಿ ನೆಲೆ ಕಾಣುತ್ತಾರೆ. ಅದು ಪ್ರವಾಸಿಗಳ ತಾಣವಲ್ಲ, ಜನ ಬದುಕುವ ಮನೆ. ಹೋಗಬಯಸುವವರು ಮೊದಲೇ ತಿಳಿಸಿ, ಒಪ್ಪಿಗೆ ಪಡೆದು ಹೋಗುವುದು ಲೇಸು.

ಹೋದವರಿಗೆ ನೋಡಲು ಅರಮನೆ, ಶಿಲ್ಪಗಳಿಲ್ಲ. ಆದರೆ ಪರೀಕ್ಷೆಯ ಫಲಿತಾಂಶ ಬರುವ ವಾರಗಳಲ್ಲಿ ಮನೆಯೊಳಗೆ ಮಾತು ನಿಂತುಹೋಗುವ ತಂದೆತಾಯಿಗೂ, ಅಂಕ ಕಡಿಮೆಯಾದ ಕೂಡಲೆ ತಾನೇ ಕಡಿಮೆಯಾದೆನೆಂದು ಮಂಕಾಗುವ ಮಕ್ಕಳಿಗೂ ಆ ಬಯಲು ಹೇಳುವುದು ಬಹಳವಿದೆ. ರಮಾಬಾಯಿಗೆ ಬಿರುದು ಕಡಿಮೆಯಿರಲಿಲ್ಲ. ಬಿರುದು ಕೊಡಲಾರದ ಬೆಲೆಯನ್ನು ಅವರು ಕಂಡದ್ದು, ತನ್ನನ್ನು ಪೂರ್ತಿ ಬಲ್ಲವನೊಬ್ಬ ತನ್ನನ್ನು ಒಪ್ಪಿಕೊಂಡಿದ್ದಾನೆಂಬ ನಂಬಿಕೆಯಲ್ಲಿ. ಆ ನಂಬಿಕೆ ನಿಜವೇ ಎಂದು ವಾದಿಸುವವರು ವಾದಿಸಲಿ. ಅದರ ಬಲದಿಂದ ಅವರು ಮಾಡಿದ್ದು ಕಣ್ಣೆದುರಿಗಿದೆ. ಊರು ಕೈಬಿಟ್ಟ ಹುಡುಗಿಯೊಬ್ಬಳ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಅವಳ ಕೈಗೊಂದು ಸ್ಲೇಟು ಕೊಟ್ಟು, ರಾತ್ರಿ ಮಲಗಲು ಚಾಪೆ ತೋರಿಸಿದರು. ಹಾಗೆ ಎಷ್ಟೋ ಸಾವಿರ ಸಲ ಮಾಡಿದರು.